ಎಂಟನೇ ಹೋಲ್‌ನ ಹೊಡೆತ ಟಿವಿಯಲ್ಲಿ ಬರಲಿಲ್ಲ

ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಗಾಲ್ಫ್ ಟೂರ್ನಿ ಶುರುವಾಯಿತೆಂದರೆ ಗೆಳೆಯರಿಂದ ನನಗೆ ಬರುವ ಮೆಸೇಜು ಹೆಚ್ಚುಕಮ್ಮಿ ಒಂದೇ. "ಆಟ ಆಗ್ಲೇ ನಡೀತಿದೆ, ಸ್ಕೋರ್ ಕಾಣ್ತಿದೆ. ಟಿವಿಯಲ್ಲಿ ಯಾಕೆ ಬರ್ತಿಲ್ಲ?" ಕೇಳುವವರಲ್ಲಿ ತುಂಬಾ ಜನ 2021ರ ಆಗಸ್ಟ್ 7ರ ಬೆಳಿಗ್ಗೆ ಗಾಲ್ಫ್ ಹಚ್ಚಿಕೊಂಡವರು. ಅವತ್ತು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್‌ಗೆ ಒಂದೇ ಒಂದು ಹೊಡೆತದಿಂದ ಪದಕ ಕೈತಪ್ಪಿತು. ಬರ್ಡಿ ಎಂದರೇನು, ಬೋಗಿ ಎಂದರೇನು ಎಂದು ಗೊತ್ತಿಲ್ಲದ ಮನೆಗಳಲ್ಲೂ ಜನ ತಿಂಡಿ ಮರೆತು ಟಿವಿ ಮುಂದೆ ಕೂತಿದ್ದರು. ಒಂದು ಸುತ್ತನ್ನು ಹಾಗೆ ನೋಡಿದವರಿಗೆ ಗಾಲ್ಫ್‌ನ ಅತಿ ದೊಡ್ಡ ಟೂರ್ನಿಯನ್ನು ಪೂರ್ತಿ ನೋಡಲಾಗದು ಎಂದರೆ ಅಚ್ಚರಿ ಆಗದೆ ಇರುತ್ತದೆಯೇ?

ಲೆಕ್ಕ ಹೀಗಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾ ನ್ಯಾಷನಲ್ ಕ್ಲಬ್‌ನಲ್ಲಿ ಗುರುವಾರ ಬೆಳಿಗ್ಗೆ ಮೊದಲ ಸುತ್ತು ಶುರುವಾಗುವಾಗ ನಮಗೆ ಸಂಜೆ 5.30ರ ಆಸುಪಾಸು. ಅಲ್ಲಿನ ಇಎಸ್‌ಪಿಎನ್ ಪ್ರಸಾರ ವರ್ಷಗಳಿಂದ ಶುರುವಾಗುತ್ತಿದ್ದದ್ದು ಮಧ್ಯಾಹ್ನ 3ಕ್ಕೆ. ಅಂದ್ರೆ ನಮಗೆ ರಾತ್ರಿ 12.30. ನಡುವೆ ಏಳು ಗಂಟೆ ಹೋಯಿತು. ಬೆಳಿಗ್ಗೆ ಮೊದಲು ಹೊರಟವರು ಅಷ್ಟರಲ್ಲಿ 18 ಹೋಲ್, ಅಂದರೆ ಒಂದು ಪೂರ್ತಿ ಸುತ್ತು, ಮುಗಿಸಿ ರೂಮಿಗೆ ಹೋಗಿರುತ್ತಾರೆ.

ಇದು ತಾಂತ್ರಿಕ ತೊಂದರೆ ಅಲ್ಲ. ದುಡ್ಡಿನ ಕೊರತೆಯಂತೂ ಅಲ್ಲವೇ ಅಲ್ಲ. ಬೇಕೆಂದೇ ಹಾಕಿಕೊಂಡ ಮಿತಿ. ಅದರ ಬೇರು ಎಪ್ಪತ್ತು ವರ್ಷ ಹಿಂದಿದೆ.

ಬಾಬಿ ಜೋನ್ಸ್ ಮತ್ತು ಕ್ಲಿಫರ್ಡ್ ರಾಬರ್ಟ್ಸ್ ಸೇರಿ ಕಟ್ಟಿದ ಈ ಕ್ಲಬ್‌ನಲ್ಲಿ ಮೊದಲ ಟೂರ್ನಿ ನಡೆದದ್ದು 1934ರಲ್ಲಿ. ಟಿವಿ ಬಂದದ್ದು 1956ರಲ್ಲಿ, ಅಮೆರಿಕದ ಸಿಬಿಎಸ್ ಚಾನೆಲ್ ಮೂಲಕ. ಮೂರು ದಿನ ಸೇರಿಸಿದರೂ ಪ್ರಸಾರ ಎರಡೂವರೆ ಗಂಟೆ. ಕ್ಯಾಮೆರಾ ಇದ್ದದ್ದು ಕೊನೆಯ ನಾಲ್ಕು ಹೋಲ್‌ಗಳಲ್ಲಿ ಮಾತ್ರ. ಆಗಿನ ಕ್ಯಾಮೆರಾಗಳ ಭಾರ, ಅವಕ್ಕೆ ಎಳೆಯಬೇಕಿದ್ದ ಕೇಬಲ್ ನೆನೆದರೆ ಅಷ್ಟಾದರೂ ಮಾಡಿದರಲ್ಲ ಎನಿಸುತ್ತದೆ.

ಆದರೆ ಆ ವರ್ಷವೇ ಆಟದ ಮುಖ್ಯ ಭಾಗ ಕ್ಯಾಮೆರಾ ಇಲ್ಲದ ಕಡೆ ನಡೆದುಹೋಯಿತು. ಮೂರು ಸುತ್ತು ಮುಗಿದಾಗ ಹವ್ಯಾಸಿ ಆಟಗಾರ ಕೆನ್ ವೆಂಚುರಿ ನಾಲ್ಕು ಹೊಡೆತ ಮುಂದಿದ್ದರು (ಗಾಲ್ಫ್‌ನಲ್ಲಿ ಕಮ್ಮಿ ಹೊಡೆತ ತೆಗೆದುಕೊಂಡವರೇ ಮುಂದೆ). ಕೊನೆಯ ದಿನ ಜೋರು ಗಾಳಿ. ವೆಂಚುರಿ 80 ಹೊಡೆತ ತೆಗೆದುಕೊಂಡರು. ಎಂಟು ಹೊಡೆತ ಹಿಂದಿದ್ದ ಜಾಕ್ ಬರ್ಕ್ ಒಂದೇ ಹೊಡೆತದಿಂದ ಗೆದ್ದರು. ಮನೆಯಲ್ಲಿ ಕೂತವರಿಗೆ ಕಂಡದ್ದು ಆ ಕುಸಿತದ ಕೊನೆಯ ತುಣುಕು ಅಷ್ಟೆ.

ಮುಂದೆ ಬಣ್ಣ ಬಂತು, ಕ್ಯಾಮೆರಾಗಳು ಹೆಚ್ಚಿದವು, ಎರಡನೇ ಒಂಬತ್ತು ಹೋಲ್‌ಗಳು ಒಂದೊಂದಾಗಿ ಪರದೆಗೆ ಬಂದವು. 1959ರಿಂದ 1996ರವರೆಗೆ ಸಿಬಿಎಸ್‌ನಲ್ಲಿ ಮಾಸ್ಟರ್ಸ್ ನಿರ್ದೇಶಿಸಿದ ಫ್ರಾಂಕ್ ಚಿರ್ಕಿನಿಯನ್ ಗಾಲ್ಫ್ ತೋರಿಸುವ ರೀತಿಯನ್ನೇ ಬದಲಿಸಿದರು. ಪಾರ್‌ಗಿಂತ, ಅಂದರೆ ಹೋಲ್‌ಗೆ ನಿಗದಿಯಾದ ಹೊಡೆತಗಳಿಗಿಂತ, ಎಷ್ಟು ಕಮ್ಮಿ, ಎಷ್ಟು ಜಾಸ್ತಿ ಎಂದು ಇವತ್ತು ನಾವು ಸ್ಕೋರ್ ಓದುವುದು ಅವರು ಟಿವಿಗೆ ತಂದ ಪದ್ಧತಿ. ಗುರುವಾರ, ಶುಕ್ರವಾರದ ಆಟ ಟಿವಿಗೆ ಬರಲು ಮಾತ್ರ 1982ರವರೆಗೆ ಕಾಯಬೇಕಾಯಿತು. ಅದೂ ಯುಎಸ್‌ಎ ನೆಟ್‌ವರ್ಕ್ ಎಂಬ ಕೇಬಲ್ ಚಾನೆಲ್‌ನಲ್ಲಿ. 2008ರಲ್ಲಿ ಆ ಕೆಲಸ ಇಎಸ್‌ಪಿಎನ್‌ಗೆ ಹೋಯಿತು.

ಕೇಳಿದಷ್ಟು ದುಡ್ಡು ಕೊಡಲು ಚಾನೆಲ್‌ಗಳು ಸಿದ್ಧವಿದ್ದರೂ ಹೀಗೇಕೆ? ಉತ್ತರ ಒಪ್ಪಂದದಲ್ಲಿದೆ. ಬೇರೆ ಟೂರ್ನಿಗಳು ಹಲವು ವರ್ಷಕ್ಕೆ ಹಕ್ಕು ಮಾರಿದರೆ, ಅಗಸ್ಟಾ ಸಿಬಿಎಸ್ ಜೊತೆ ಒಂದೊಂದೇ ವರ್ಷದ ಒಪ್ಪಂದ ಮಾಡಿಕೊಳ್ಳುತ್ತಾ ಬಂದಿದೆ. ಗಂಟೆಗೆ ಸುಮಾರು ನಾಲ್ಕೇ ನಿಮಿಷ ಜಾಹೀರಾತು. ಪ್ರೇಕ್ಷಕರನ್ನು 'ಪೇಟ್ರನ್' ಎನ್ನಬೇಕು, ಕೊನೆಯ ಒಂಬತ್ತು ಹೋಲ್‌ಗಳನ್ನು ಬ್ಯಾಕ್ ನೈನ್ ಅನ್ನುವಂತಿಲ್ಲ, 'ಸೆಕೆಂಡ್ ನೈನ್' ಎನ್ನಬೇಕು. 1994ರಲ್ಲಿ ವಿವರಣೆಕಾರ ಗ್ಯಾರಿ ಮೆಕಾರ್ಡ್ ಗ್ರೀನ್‌ಗಳ, ಅಂದರೆ ಹೋಲ್ ಸುತ್ತಲಿನ ಗಿಡ್ಡ ಹುಲ್ಲಿನ ಜಾಗಗಳ, ನುಣುಪಿನ ಬಗ್ಗೆ ಹಗುರವಾಗಿ ಮಾತಾಡಿದರು. ಮರುವರ್ಷದಿಂದ ಮಾಸ್ಟರ್ಸ್ ಪ್ರಸಾರದಲ್ಲಿ ಅವರ ದನಿ ಕೇಳಿಸಲಿಲ್ಲ. ಒಟ್ಟಿನಲ್ಲಿ, ದುಡ್ಡು ಕಮ್ಮಿ ಬಂದರೂ ಪರವಾಗಿಲ್ಲ, ಏನು ಕಾಣಬೇಕು, ಎಷ್ಟು ಕಾಣಬೇಕು ಎಂಬ ಹಿಡಿತ ತಮ್ಮ ಕೈಲೇ ಇರಬೇಕು ಎಂಬ ನಿಲುವು.

ಆ ನಿಲುವಿನಿಂದ ನನಗೆ ಸಿಕ್ಕ ಸುಖವನ್ನೂ ಹೇಳಲೇಬೇಕು. ಓವರ್‌ಗೊಂದು ಜಾಹೀರಾತು ನೋಡಿ ಬೆಳೆದ ನಮಗೆ, ಹಕ್ಕಿ ದನಿ ಕೇಳುವಷ್ಟು ನಿಶ್ಶಬ್ದದಲ್ಲಿ ಒಬ್ಬ ಆಟಗಾರ ಪಟ್‌ಗೆ, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸುವ ಹೊಡೆತಕ್ಕೆ, ಬಗ್ಗಿ ನಿಂತದ್ದನ್ನು ತಡೆಯಿಲ್ಲದೆ ನೋಡುವುದು ದೊಡ್ಡ ಸಂತೋಷ. 2003 ಮತ್ತು 2004ರಲ್ಲಂತೂ ಜಾಹೀರಾತೇ ಇರಲಿಲ್ಲ. ಕ್ಲಬ್‌ನಲ್ಲಿ ಮಹಿಳಾ ಸದಸ್ಯರಿಲ್ಲ ಎಂಬ ಪ್ರತಿಭಟನೆ ಪ್ರಾಯೋಜಕರಿಗೆ ತಟ್ಟಬಾರದೆಂದು ಅವರನ್ನೇ ಹೊರಗಿಟ್ಟು ಪ್ರಸಾರ ಮಾಡಿದರು. ಮೊದಲ ಇಬ್ಬರು ಮಹಿಳೆಯರು ಸದಸ್ಯರಾದದ್ದು 2012ರಲ್ಲಿ.

ನನ್ನ ಕೊರಗಿರುವುದು ಮೊದಲ ಒಂಬತ್ತು ಹೋಲ್‌ಗಳ ಬಗ್ಗೆ. ದಶಕಗಳ ಕಾಲ ಭಾನುವಾರವೂ ಅವನ್ನು ಪೂರ್ತಿ ತೋರಿಸಲಿಲ್ಲ. ಮುಂಚೂಣಿಯಲ್ಲಿದ್ದವರ 18 ಹೋಲ್‌ಗಳೂ ನೇರ ಪ್ರಸಾರದಲ್ಲಿ ಬಂದದ್ದು 2002ರಲ್ಲಿ. ಮನುಷ್ಯ ಚಂದ್ರನ ಮೇಲೆ ನಡೆದದ್ದನ್ನು ನೇರವಾಗಿ ತೋರಿಸಿ ಆಗಲೇ 33 ವರ್ಷ ಆಗಿತ್ತು. ಕೆನ್ ವೆಂಚುರಿ ಸಿಬಿಎಸ್‌ನಲ್ಲಿ 35 ವರ್ಷ ವಿವರಣೆ ಕೊಟ್ಟು ನಿವೃತ್ತರಾದದ್ದೂ ಅದೇ ವರ್ಷ.

ಆ ಬದಲಾವಣೆಯಿಂದ ಏನು ಸಿಕ್ಕಿತು ಎಂದು ತಿಳಿಯಲು ಎರಡು ಹೊಡೆತ ನೋಡಿದರೆ ಸಾಕು. ಪಾರ್ 5 ಹೋಲನ್ನು ಎರಡೇ ಹೊಡೆತಕ್ಕೆ ಮುಗಿಸುವುದನ್ನು ಆಲ್ಬಟ್ರಾಸ್ ಎನ್ನುತ್ತಾರೆ. ಹೋಲ್ ಇನ್ ಒನ್‌ಗಿಂತ ಅಪರೂಪ. 1967ರ ಮಾಸ್ಟರ್ಸ್‌ನಲ್ಲಿ ಆಸ್ಟ್ರೇಲಿಯಾದ ಬ್ರೂಸ್ ಡೆವ್ಲಿನ್ ಎಂಟನೇ ಹೋಲ್‌ನಲ್ಲಿ ಅದನ್ನು ಸಾಧಿಸಿದರು. ಟಿವಿಯಲ್ಲಿ ಯಾರೂ ನೋಡಲಿಲ್ಲ. ದಾಖಲೆ ಪುಸ್ತಕದಲ್ಲಿ ಒಂದು ಸಾಲಾಗಿ ಉಳಿದಿದೆ.

2012ರ ಕೊನೆಯ ದಿನ ದಕ್ಷಿಣ ಆಫ್ರಿಕಾದ ಲೂಯಿ ಊಸ್ಟ್‌ಹೈಜೆನ್ ಎರಡನೇ ಹೋಲ್‌ನಲ್ಲಿ ನಿಂತಿದ್ದರು. ಹೋಲ್‌ಗೆ ಇನ್ನೂ 253 ಗಜ. ಕೈಯಲ್ಲಿ 4 ಐರನ್ ಎಂಬ ಗಾಲ್ಫ್ ಕೋಲು. ಚೆಂಡು ಗ್ರೀನ್‌ನ ಮುಂಭಾಗದಲ್ಲಿ ಬಿತ್ತು, ಬಲಕ್ಕೆ ತಿರುಗಿ ಉರುಳತೊಡಗಿತು. ಉರುಳುತ್ತಲೇ ಇತ್ತು. ಇಳಿಜಾರು ಹಿಡಿದು, ಇನ್ನೇನು ನಿಂತೇಬಿಟ್ಟಿತು ಅನ್ನುವಷ್ಟು ನಿಧಾನವಾಗಿ ಬಂದು ಒಳಗೆ ಬಿತ್ತು. ನಾನು ಸೋಫಾದಿಂದ ಎದ್ದು ನಿಂತಿದ್ದೆ. ಮನೆಯವರೆಲ್ಲ ಮಲಗಿದ್ದರು, ಕೂಗುವಂತಿರಲಿಲ್ಲ. ಊಸ್ಟ್‌ಹೈಜೆನ್ ಚೆಂಡು ತೆಗೆದು ಜನರತ್ತ ಎಸೆದುಬಿಟ್ಟರು. ಕೊನೆಗೆ ಸ್ಕೋರ್ ಸಮವಾಗಿ, ಪ್ಲೇಆಫ್‌ನಲ್ಲಿ ಬಬ್ಬಾ ವಾಟ್ಸನ್ ಗೆದ್ದರು. ಆದರೂ ಆ ಭಾನುವಾರ ಎಂದರೆ ನನಗೆ ಮೊದಲು ನೆನಪಾಗುವುದು ಆ ಚೆಂಡು. ಹನ್ನೊಂದು ಹನ್ನೆರಡು ವರ್ಷ ಮೊದಲಾಗಿದ್ದರೆ ಎರಡನೇ ಹೋಲ್‌ನ ಆ ಹೊಡೆತ ನೇರ ಪ್ರಸಾರದಲ್ಲೇ ಇರುತ್ತಿರಲಿಲ್ಲ.

ಬ್ರಿಟನ್‌ನ ಓಪನ್ ಚಾಂಪಿಯನ್‌ಶಿಪ್‌ನ ಕಥೆ ಬೇರೆ ದಾರಿ ಹಿಡಿಯಿತು. 1955ರಿಂದ 2015ರವರೆಗೆ ಬಿಬಿಸಿ ಅದನ್ನು ಎಲ್ಲರಿಗೂ ತೋರಿಸಿತು. 2016ರಲ್ಲಿ ನೇರ ಪ್ರಸಾರ ದುಡ್ಡು ಕಟ್ಟಿ ನೋಡಬೇಕಾದ ಸ್ಕೈಗೆ ಹೋಯಿತು. ಗಂಟೆಗಳು ಹೆಚ್ಚಿದವು, ನೋಡುವವರು ಕಮ್ಮಿಯಾದರು. ಅಲ್ಲಿ ಮಿತಿ ಬಿದ್ದದ್ದು ಸಮಯಕ್ಕಲ್ಲ, ಜೇಬಿಗೆ.

ಅಗಸ್ಟಾದಲ್ಲಿ ಬಾಗಿಲು ನಿಧಾನಕ್ಕೆ ತೆರೆಯುತ್ತಿದೆ, ಅದೂ ಹೆಚ್ಚಾಗಿ ಇಂಟರ್‌ನೆಟ್ ಕಡೆಯಿಂದ. 2006ರಲ್ಲಿ 11, 12, 13ನೇ ಹೋಲ್‌ಗಳ ಆಟ, ಅಂದರೆ ಆಮೆನ್ ಕಾರ್ನರ್, ಕ್ಲಬ್‌ನ ವೆಬ್‌ಸೈಟ್‌ನಲ್ಲಿ ನೇರವಾಗಿ ಬಂತು. ಆಮೇಲೆ ಆಯ್ದ ಕೆಲವು ಗುಂಪುಗಳ ಆಟ ಬಂತು. 2019ರಿಂದ ಪ್ರತಿ ಆಟಗಾರನ ಹೆಚ್ಚುಕಮ್ಮಿ ಪ್ರತಿ ಹೊಡೆತದ ವಿಡಿಯೊ ಅಲ್ಲಿ ಸಿಗುತ್ತಿದೆ, ಹೊಡೆದ ಕೆಲವೇ ನಿಮಿಷದಲ್ಲಿ. 2025ರಲ್ಲಿ ಶನಿವಾರ, ಭಾನುವಾರ ಸಿಬಿಎಸ್‌ಗೆ ಮುಂಚಿನ ಎರಡು ಗಂಟೆ ಪ್ಯಾರಾಮೌಂಟ್ ಪ್ಲಸ್ ಎಂಬ ಸ್ಟ್ರೀಮಿಂಗ್ ಸೇವೆಗೆ ಸಿಕ್ಕಿತು. 2026ಕ್ಕೆ ಗುರುವಾರ, ಶುಕ್ರವಾರ ಅಲ್ಲಿನ ಮಧ್ಯಾಹ್ನ 1ರಿಂದ 3ರವರೆಗಿನ ಆಟವನ್ನು ಪ್ರೈಮ್ ವಿಡಿಯೊಗೆ ಕೊಟ್ಟಿರುವುದಾಗಿ ಕ್ಲಬ್ ಪ್ರಕಟಿಸಿತು.

ಅಂದ್ರೆ ಅಲ್ಲಿನ ಪ್ರಸಾರ ನಮ್ಮ ಗಡಿಯಾರದಲ್ಲಿ ರಾತ್ರಿ 12.30ರಿಂದ 10.30ಕ್ಕೆ ಬಂದಿದೆ. ಆಟ ಈಗಲೂ ಸಂಜೆ 5.30ರ ಹೊತ್ತಿಗೇ ಶುರುವಾಗುತ್ತದೆ. ಆ ಐದು ಗಂಟೆ ನಾನು ಫೋನ್ ಹಿಡಿದು, ಆಟಗಾರರ ಹೆಸರಿನ ಪಕ್ಕದಲ್ಲಿ ಬದಲಾಗುವ ಅಂಕಿಗಳನ್ನೇ ನೋಡುತ್ತಾ ಕೂತಿರುತ್ತೇನೆ.