ಕಾಂಪ್ಟನ್ನಿನ ಸದ್ದು: ಡಾಕ್ಟರ್ ಡ್ರೇ ಮತ್ತು ಗ್ಯಾಂಗ್‌ಸ್ಟಾ ರ‍್ಯಾಪ್ ಬೆಳೆದ ಬಗೆ

ಗ್ಯಾಂಗ್‌ಸ್ಟಾ ರ‍್ಯಾಪ್ ಕುರಿತ ಜಗಳವೆಲ್ಲ ಅದರ ಮಾತಿನ ಸುತ್ತಲೇ ನಡೆದಿದೆ. ಆದರೆ ಆ ಮಾತು ಲಾಸ್ ಏಂಜಲೀಸ್ ಪಕ್ಕದ ಊರಾದ ಕಾಂಪ್ಟನ್ನಿನಲ್ಲಿ ಮೊದಲು ಹುಟ್ಟಿದ್ದಲ್ಲ; ಫಿಲಡೆಲ್ಫಿಯಾದ ಸ್ಕೂಲಿ ಡಿ 1985ರಲ್ಲೇ, ಲಾಸ್ ಏಂಜಲೀಸ್‌ನ ಐಸ್-ಟಿ ಅದರ ಮರುವರ್ಷ ಬೀದಿ ಗುಂಪುಗಳ ಬದುಕನ್ನು ಹಾಡಿಗೆ ತಂದಿದ್ದರು. ಅದನ್ನು ಅಮೆರಿಕದ ಮೂಲೆಮೂಲೆಗೆ ಮುಟ್ಟಿಸಿದ್ದು ಅದರ ಸದ್ದು, ಮತ್ತು ಆ ಸದ್ದನ್ನು ಕಟ್ಟಿದವರಲ್ಲಿ ಮುಖ್ಯನಾದವನು ಡಾಕ್ಟರ್ ಡ್ರೇ ಎಂದು ಹೆಸರಾದ ಆಂಡ್ರೆ ಯಂಗ್.

1965ರಲ್ಲಿ ಕಾಂಪ್ಟನ್ನಿನಲ್ಲಿ ಹುಟ್ಟಿದ ಈತ ಮೊದಲು ಹೆಸರು ಮಾಡಿದ್ದು ಕುಣಿತದ ಸಂಗೀತದಲ್ಲಿ. ಅಲಾಂಜೊ ವಿಲಿಯಮ್ಸ್ ನಡೆಸುತ್ತಿದ್ದ ‘ಈವ್ ಆಫ್ಟರ್ ಡಾರ್ಕ್’ ಕ್ಲಬ್ಬಿನಲ್ಲಿ ಡಿಜೆಯಾಗಿದ್ದ ಆತ, ವಿಲಿಯಮ್ಸ್‌ನ ‘ವರ್ಲ್ಡ್ ಕ್ಲಾಸ್ ರೆಕಿನ್ ಕ್ರೂ’ ತಂಡದಲ್ಲಿ ಮಿರಮಿರ ಮಿಂಚುವ ಉಡುಪು ತೊಟ್ಟು, ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡು ವೇದಿಕೆಗೆ ಬರುತ್ತಿದ್ದ. ‘ಡಾಕ್ಟರ್’ ಎಂಬ ಬಿರುದೂ ಬೀದಿಯ ಕೊಡುಗೆಯಲ್ಲ, ‘ಡಾಕ್ಟರ್ ಜೆ’ ಎನಿಸಿಕೊಂಡಿದ್ದ ಬ್ಯಾಸ್ಕೆಟ್‌ಬಾಲ್ ಆಟಗಾರ ಜೂಲಿಯಸ್ ಅರ್ವಿಂಗ್‌ನಿಂದ ಪಡೆದದ್ದು. ಆ ಉಡುಪಿನ ಹಳೆಯ ಫೋಟೊಗಳನ್ನು ತೋರಿಸಿ ಮುಂದೆ ಎದುರಾಳಿಗಳು ಗೇಲಿ ಮಾಡಿದರು. ನನ್ನ ಮಟ್ಟಿಗೆ, ಆತನ ವಿದ್ಯೆಯ ಬೇರು ಇರುವುದೇ ಅಲ್ಲಿ: ಯಾವ ಬೇಸ್‌ಗೆ, ಅಂದರೆ ತಗ್ಗು ದನಿಯ ಮಿಡಿತಕ್ಕೆ, ಜನರ ಕಾಲು ಏಳುತ್ತದೆ, ಯಾವುದಕ್ಕೆ ಏಳುವುದಿಲ್ಲ ಎಂಬುದನ್ನು ಆತ ಕಲಿತದ್ದು ಕ್ಲಬ್ಬಿನಲ್ಲಿ.

ಆ ಹೊತ್ತಿಗೆ ಹೊರಗಿನ ಬೀದಿ ಬದಲಾಗಿತ್ತು. ಕ್ರ್ಯಾಕ್ ಕೊಕೇನ್ ಎಂಬ ಮಾದಕವಸ್ತುವಿನ ವ್ಯಾಪಾರ ಗುಂಪು ಕಾಳಗಕ್ಕೆ ಹಣವನ್ನೂ ಬಂದೂಕುಗಳನ್ನೂ ತಂದಿತ್ತು. ಡ್ಯಾರಿಲ್ ಗೇಟ್ಸ್ ಮುಖ್ಯಸ್ಥರಾಗಿದ್ದ ಲಾಸ್ ಏಂಜಲೀಸ್ ಪೊಲೀಸರು ಮನೆಗೋಡೆ ಕೆಡವುವ ಕವಚವಾಹನ ಬಳಸಿದರು. 1988ರ ಏಪ್ರಿಲ್‌ನ ಒಂದೇ ವಾರಾಂತ್ಯದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಿದರು.

ಮಾದಕವಸ್ತು ಮಾರಿ ಕೈಯಲ್ಲಿ ದುಡ್ಡು ಮಾಡಿಕೊಂಡಿದ್ದ ಎರಿಕ್ ರೈಟ್, ಅಂದರೆ ಈಜಿ-ಇ, 1987ರಲ್ಲಿ ರೂತ್‌ಲೆಸ್ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿ ಆರಂಭಿಸಿದ. ರ‍್ಯಾಪ್ ಹಾಡುಗಾರ ಐಸ್ ಕ್ಯೂಬ್ ಬರೆದುಕೊಟ್ಟ ಒಂದು ಹಾಡನ್ನು ನ್ಯೂಯಾರ್ಕ್ ಕಡೆಯ ತಂಡವೊಂದು ತಮಗೆ ಒಗ್ಗದೆಂದು ಬಿಟ್ಟು ಹೋದಾಗ, ಈಜಿಯೇ ಹಾಡಲಿ ಎಂದು ಡ್ರೇ ಒತ್ತಾಯಿಸಿದ. ಆ ಮೊದಲು ರ‍್ಯಾಪ್ ಮಾಡಿಯೇ ಇರದ ಈಜಿಗೆ ತಾಳ ಸಿಗುತ್ತಿರಲಿಲ್ಲ. ಡ್ರೇ ಒಂದು ಸಾಲು ಹಾಡಿಸಿ, ಟೇಪ್ ನಿಲ್ಲಿಸಿ, ತಿದ್ದಿ, ಮತ್ತೆ ಮುಂದಿನ ಸಾಲು ಹಾಡಿಸಿ ಇಡೀ ಹಾಡನ್ನು ಹೊಲಿದ. ‘ಬಾಯ್ಜ್-ಎನ್-ದ-ಹುಡ್’ ಹೀಗೆ ಬಂತು. ದುಡ್ಡು ಕೊಟ್ಟವರಿಗೆ ರೆಕಾರ್ಡ್ ಅಚ್ಚು ಹಾಕಿಕೊಡುತ್ತಿದ್ದ ಹಾಲಿವುಡ್‌ನ ಮಕೋಲಾ ಕಂಪನಿ ಇದ್ದುದರಿಂದ ದೊಡ್ಡ ಕಂಪನಿಗಳ ಬಾಗಿಲು ಕಾಯಬೇಕಾಗಿ ಬರಲಿಲ್ಲ.

ಇವರೆಲ್ಲ ಸೇರಿದ ಎನ್‌ಡಬ್ಲ್ಯೂಎ ತಂಡದ ‘ಸ್ಟ್ರೇಟ್ ಔಟ್ಟಾ ಕಾಂಪ್ಟನ್’ 1988ರಲ್ಲಿ, ಟಾರೆನ್ಸ್‌ನ ಸಣ್ಣ ಸ್ಟುಡಿಯೊ ಒಂದರಲ್ಲಿ ಕಡಿಮೆ ಖರ್ಚಿನಲ್ಲಿ ತಯಾರಾಯಿತು. ಡ್ರೇ ಮತ್ತು ಅದೇ ತಂಡದ ಡಿಜೆ ಯೆಲ್ಲಾ, ಫಂಕ್ ಎಂಬ ಕುಣಿತದ ಸಂಗೀತದ ಹಳೆಯ ತುಣುಕುಗಳನ್ನು ಡ್ರಮ್ ಮೆಷಿನ್ ಜೊತೆ ಒತ್ತೊತ್ತಾಗಿ ಪೇರಿಸಿದರು. ಅದರಲ್ಲಿದ್ದ ಪೊಲೀಸ್ ವಿರೋಧಿ ಹಾಡಿನ ಬಗ್ಗೆ 1989ರ ಆಗಸ್ಟ್‌ನಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬರು ವಿತರಕ ಕಂಪನಿಗೆ ಪತ್ರ ಬರೆದರು. ಅದಕ್ಕಿಂತ ದೊಡ್ಡ ಜಾಹೀರಾತು ತಂಡಕ್ಕೆ ಬೇಕಿರಲಿಲ್ಲ. 1991ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ತನ್ನ ಆಲ್ಬಮ್ ಪಟ್ಟಿಗೆ ಅಂಗಡಿಯವರ ಬಾಯಿಮಾತು ಬಿಟ್ಟು ಕಂಪ್ಯೂಟರಿನ ಮಾರಾಟ ಲೆಕ್ಕವನ್ನು ಹಿಡಿದಾಗ, ಇದೇ ತಂಡದ ಮುಂದಿನ ಆಲ್ಬಮ್ ಎರಡನೆಯ ವಾರದಲ್ಲೇ ಮೊದಲ ಸ್ಥಾನಕ್ಕೆ ಏರಿತು. ಅದೇ ವರ್ಷ ಡ್ರೇ ಟಿವಿ ನಿರೂಪಕಿ ಡೀ ಬಾರ್ನ್ಸ್ ಮೇಲೆ ಹಲ್ಲೆ ನಡೆಸಿದ. ಹಾಡಿನ ಕ್ರೌರ್ಯ ಬರೀ ನಟನೆ ಎಂದು ವಾದಿಸುವವರು ಇದನ್ನು ಬದಿಗಿಟ್ಟು ಮಾತಾಡುವಂತಿಲ್ಲ.

ದುಡ್ಡಿನ ತಕರಾರಿನಿಂದ ರೂತ್‌ಲೆಸ್ ಬಿಟ್ಟ ಡ್ರೇ, ಶುಗ್ ನೈಟ್ ಜೊತೆ ಡೆತ್ ರೋ ಎಂಬ ಹೊಸ ಕಂಪನಿ ಕಟ್ಟಿ 1992ರ ಡಿಸೆಂಬರ್‌ನಲ್ಲಿ ‘ದ ಕ್ರಾನಿಕ್’ ಆಲ್ಬಮ್ ತಂದ. ಇಲ್ಲಿ ಗದ್ದಲ ಇಳಿಯಿತು. ಹಳೆಯ ಹಾಡಿನಿಂದ ತುಣುಕು ಕತ್ತರಿಸುವ ಬದಲು, ಲಿಯಾನ್ ಹೇವುಡ್‌ನ 1975ರ ಹಾಡಿನಂಥವನ್ನು ವಾದ್ಯಗಾರರಿಂದ ಹೊಸದಾಗಿ ನುಡಿಸಿ, ಮೇಲೆ ಸಿಂತಸೈಸರಿನ ಸಣ್ಣ ಶಿಳ್ಳೆಯಂಥ ದನಿಯನ್ನು, ರ‍್ಯಾಪ್ ಹಾಡುಗಾರ ಸ್ನೂಪ್‌ನ ಸೋಮಾರಿ ಉಲಿಯನ್ನು ಇಟ್ಟ. ಹಾಗೆ ನುಡಿಸಿದರೆ ಮೂಲ ರೆಕಾರ್ಡಿಂಗ್‌ನ ಒಡೆಯರಿಗೆ ಹಣ ತೆರಬೇಕಿಲ್ಲ, ಬೇಸ್ ಎಷ್ಟು ಬೇಕಾದರೂ ಕೆಳಗಿಳಿಯುತ್ತದೆ. ಕಾರಿನ ಸ್ಪೀಕರುಗಳಿಗೆ ಹೇಳಿ ಮಾಡಿಸಿದಂತಿದ್ದ ಈ ‘ಜಿ-ಫಂಕ್’ ಉಪನಗರಗಳ ಬಿಳಿ ಹುಡುಗರ ಕೋಣೆಗೂ ಹೊಕ್ಕಿತು.

ವಿರೋಧವೂ ಬೆಳೆಯಿತು. ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಸಿ. ಡೆಲೋರೆಸ್ ಟಕರ್ ಮುಂತಾದವರ ಒತ್ತಡಕ್ಕೆ ಮಣಿದ ಮಾಧ್ಯಮ ಕಂಪನಿ ಟೈಮ್ ವಾರ್ನರ್, ಡೆತ್ ರೋ ಹಾಡುಗಳನ್ನು ವಿತರಿಸುತ್ತಿದ್ದ ಇಂಟರ್‌ಸ್ಕೋಪ್‌ನಲ್ಲಿದ್ದ ತನ್ನ ಅರ್ಧ ಪಾಲನ್ನು 1995ರಲ್ಲಿ ಕೈಬಿಟ್ಟಿತು. ಮರುವರ್ಷವೇ ಎಂಸಿಎ ಎಂಬ ಇನ್ನೊಂದು ಕಂಪನಿ ಆ ಪಾಲನ್ನು ಸುಮಾರು 20 ಕೋಟಿ ಡಾಲರ್ ಕೊಟ್ಟು ಕೊಂಡಿತು.