ಲೆಕ್ಕದಲ್ಲಿ ಅಷ್ಟಕ್ಕಷ್ಟೆ ಇದ್ದವರು ಫೈನಾನ್ಸ್ ಓದಬಹುದಾ?

ಪ್ರಶ್ನೆ: "ಫೈನಾನ್ಸ್, ಬ್ಯಾಂಕಿಂಗ್, ಇನ್ಶೂರೆನ್ಸ್ ಮೂರೂ ಇರುವ ಡಿಗ್ರಿಗೆ ಸೇರಬೇಕು ಅಂತ ಆಸೆ. ಆದರೆ ಲೆಕ್ಕದಲ್ಲಿ ನಾನು ಅಷ್ಟಕ್ಕಷ್ಟೆ. ಸೇರಬಹುದಾ?"

ಸೇರಬಹುದು. ಉತ್ತರ ಮುಗಿಯಿತು.

ಆದರೆ ಇಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ. "ಇಲ್ಲ ಸಾರ್, ನನಗೆ ಕ್ಯಾಲ್ಕುಲಸ್ ಅಂದರೇನೇ ಭಯ" ಅಂತ ಇನ್ನೊಂದು ಪತ್ರ ಬರುತ್ತದೆ. ಅಡ್ಮಿಷನ್ ಶುರುವಾದರೆ ಸಾಕು, ಅದೇ ಪ್ರಶ್ನೆ, ಅದೇ ಭಯ, ಹೆಸರು ಮಾತ್ರ ಬೇರೆ. ಹಾಗಾಗಿ ಈ ಸಲ ಕೂತು ಬಿಡಿಸಿ ಬರೆಯುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕೊಡುವುದು ಅಂತ ತೀರ್ಮಾನಿಸಿದ್ದೇನೆ.

"ಫೈನಾನ್ಸ್ ಅಂದರೆ ಗಣಿತದಲ್ಲಿ ನೂರಕ್ಕೆ ನೂರು ತೆಗೆಯುವವರ ಜಾಗ" ಅನ್ನುವ ನಂಬಿಕೆ ಎಷ್ಟು ಹೊಡೆದರೂ ಸಾಯುವುದಿಲ್ಲ. ಅದು ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಲ್ಲ. ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿ ಟ್ರೇಡಿಂಗ್ ಕಂಪನಿ ಸೇರಿದವರು, ನಾಲ್ಕು ಸ್ಕ್ರೀನ್ ಮುಂದೆ ಕೂತು ಸಮೀಕರಣ ಬರೆಯುವವರು, ಸುದ್ದಿಯಾಗುವುದು ಇವರೇ. ಇಂಥವರು ಇದ್ದಾರೆ, ಸುಳ್ಳಲ್ಲ. ಆದರೆ ಅದು ಈ ಕ್ಷೇತ್ರದ ಒಂದು ಮೂಲೆ. ಸಾಲದ ಅರ್ಜಿ ಪರಿಶೀಲಿಸುವವರು, ಕ್ಲೇಮು ನೋಡುವವರು, ಕಂಪನಿಯ ಬ್ಯಾಲೆನ್ಸ್ ಶೀಟ್, ಅಂದರೆ ಆಸ್ತಿ ಮತ್ತು ಸಾಲಗಳ ಪಟ್ಟಿ, ಓದಿ ಇದು ಉಳಿಯುತ್ತದಾ ಮುಳುಗುತ್ತದಾ ಅಂತ ಹೇಳುವವರು, ಬ್ಯಾಂಕು ನಿಯಮ ಪಾಲಿಸುತ್ತಿದೆಯಾ ಅಂತ ಕಣ್ಣಿಟ್ಟು ನೋಡುವವರು, ಇವರ ಬಗ್ಗೆ ಯಾರೂ ಸುದ್ದಿ ಮಾಡುವುದಿಲ್ಲ. ಜಾಸ್ತಿ ಕೆಲಸ ಇರುವುದು ಅಲ್ಲೇ.

ಹಾಗಾದರೆ ಡಿಗ್ರಿಯಲ್ಲಿ ಬರುವ ಲೆಕ್ಕ ಯಾವುದು? ಶೇಕಡಾ, ಚಕ್ರಬಡ್ಡಿ, ಅದನ್ನೇ ಹಿಂದಕ್ಕೆ ತಿರುಗಿಸಿ ಮುಂದೆ ಬರುವ ಹಣಕ್ಕೆ ಇವತ್ತಿನ ಬೆಲೆ ಕಟ್ಟುವುದು, ಸರಾಸರಿ, ಅದರ ಸುತ್ತಲಿನ ಏರಿಳಿತ, ಒಂದಿಷ್ಟು ಪ್ರಾಬೆಬಿಲಿಟಿ, ಒಂದಿಷ್ಟು ಸ್ಟ್ಯಾಟಿಸ್ಟಿಕ್ಸ್. ಕೂಡಿ ಕಳೆಯುವ ಕೆಲಸವನ್ನು ಸ್ಪ್ರೆಡ್‌ಶೀಟ್ ಮಾಡುತ್ತದೆ.

ನಂಬಿಕೆ ಬರದಿದ್ದರೆ ಒಂದು ಲೆಕ್ಕ ಮಾಡಿಯೇ ನೋಡೋಣ. 1,20,000 ಸಾಲ, ಒಂದು ವರ್ಷದ ಅವಧಿ, 'ಫ್ಲಾಟ್' ಬಡ್ಡಿ ಶೇ 10. ಬಡ್ಡಿ 12,000 ಆಯಿತು. ಅಸಲು ಸೇರಿ 1,32,000. ತಿಂಗಳಿಗೊಂದರಂತೆ ಹನ್ನೆರಡು ಕಂತು, ಕಂತಿಗೆ 11,000. ಇಲ್ಲಿಯವರೆಗೆ ಎಲ್ಲರಿಗೂ ಬರುತ್ತದೆ. ಈಗ ಹೇಳಿ, ನಿಜವಾದ ಬಡ್ಡಿ ದರ ಎಷ್ಟು?

ಹತ್ತು ಅಂದಿರಾ? ಸ್ವಲ್ಪ ತಾಳಿ. 1,20,000 ಪೂರ್ತಿ ನಿಮ್ಮ ಹತ್ತಿರ ಇದ್ದದ್ದು ಮೊದಲ ತಿಂಗಳು ಮಾತ್ರ. ಆಮೇಲೆ ಪ್ರತಿ ಕಂತಿಗೂ ಅಸಲು ತೀರುತ್ತಾ ಬಂತು. ಕೊನೆಯ ತಿಂಗಳಲ್ಲಿ ಬಾಕಿ ಇದ್ದದ್ದು ಹನ್ನೊಂದು ಸಾವಿರಕ್ಕಿಂತ ಕಡಿಮೆ. ಇಡೀ ವರ್ಷದ ಸರಾಸರಿ ತೆಗೆದರೆ ನೀವು ಬಳಸಿಕೊಂಡ ಸಾಲ 67,000ದ ಆಸುಪಾಸು. ಅದರ ಮೇಲೆ 12,000 ಬಡ್ಡಿ ಕಟ್ಟಿದ್ದೀರಿ. ದರ ಹತ್ತಿರ ಹತ್ತಿರ ಶೇ 18!

ಇದರಲ್ಲಿ ಭಾಗಾಕಾರ ಬಿಟ್ಟರೆ ಇನ್ನೇನಿದೆ ಹೇಳಿ. ಕಷ್ಟ ಇದ್ದದ್ದು 'ಬಡ್ಡಿ ಯಾವ ಮೊತ್ತದ ಮೇಲೆ?' ಅಂತ ಕೇಳಿಕೊಳ್ಳುವುದರಲ್ಲಿ. ಗಣಿತದಲ್ಲಿ ಪೂರ್ತಿ ಅಂಕ ತೆಗೆದ ಎಷ್ಟೋ ಮಕ್ಕಳು ಥಟ್ಟನೆ "ಹತ್ತು" ಅನ್ನುತ್ತಾರೆ. ಲೆಕ್ಕ ಬರಲ್ಲ ಅಂತ ಮುದುಡಿಕೊಂಡು ಕೂತ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ "ಆದರೆ ಅಸಲು ತೀರುತ್ತಾ ಬರುತ್ತದೆ, ಅಲ್ವಾ?" ಅಂದಾಗ ಆಗುವ ಖುಷಿಯನ್ನು ಪಾಠ ಮಾಡುವವರೇ ಬಲ್ಲರು.

ಇನ್ಶೂರೆನ್ಸ್‌ಗೆ ಬನ್ನಿ. ಅಲ್ಲಂತೂ ಈ ಭಯ ಇನ್ನೂ ಜಾಸ್ತಿ. ಸಾವಿರ ಮನೆಗಳಿವೆ ಅಂದುಕೊಳ್ಳಿ, ಒಂದೊಂದರ ಬೆಲೆ 10,00,000. ವರ್ಷಕ್ಕೆ ಸರಾಸರಿ ಎರಡು ಮನೆ ಸುಡುತ್ತವೆ. ನಷ್ಟ 20,00,000, ಸಾವಿರ ಜನಕ್ಕೆ ಹಂಚಿದರೆ ತಲೆಗೆ 2,000. ಖರ್ಚು, ಲಾಭ ಸೇರಿಸಿದರೆ ಪ್ರೀಮಿಯಂ ಬಂತು. ಲೆಕ್ಕ ಒಂದು ಸಾಲಿನಲ್ಲಿ ಮುಗಿಯಿತು. ಪಾಠ ಶುರುವಾಗುವುದು ಇಲ್ಲಿಂದ.

ಆ ಸಾವಿರ ಮನೆಗಳೂ ಒಂದೇ ಬೀದಿಯಲ್ಲಿದ್ದರೆ? ವರ್ಷಕ್ಕೆ ಎರಡು ಸುಡುವ ಬದಲು ಎಷ್ಟೋ ವರ್ಷ ಏನೂ ಸುಡುವುದಿಲ್ಲ, ಐನೂರು ವರ್ಷಕ್ಕೊಮ್ಮೆ ಎಲ್ಲವೂ ಸುಡುತ್ತವೆ. ಸರಾಸರಿ ಅದೇ ಎರಡು, ಆದರೆ ಕಂಪನಿ ಉಳಿಯುವುದಿಲ್ಲ. ಪಾಲಿಸಿ ಕೊಂಡ ಮೇಲೆ ಜನ ಎಚ್ಚರ ಬಿಟ್ಟರೆ? ಮನೆಯಲ್ಲಿ ಬೆಂಕಿಯ ಅಪಾಯ ಜಾಸ್ತಿ ಇರುವವರೇ ಓಡಿ ಬಂದು ಪಾಲಿಸಿ ಕೊಂಡು, ಅಪಾಯ ಕಡಿಮೆ ಇರುವವರು "2,000 ದುಬಾರಿಯಾಯಿತು" ಅಂತ ದೂರ ಉಳಿದರೆ? ಆಗ ಸುಡುವ ಮನೆ ಎರಡಲ್ಲ, ನಾಲ್ಕು. ಪ್ರೀಮಿಯಂ ಏರಿಸಬೇಕು. ಏರಿಸಿದರೆ ಉಳಿದಿದ್ದ ಒಳ್ಳೆಯ ಗ್ರಾಹಕರೂ ಜಾಗ ಖಾಲಿ ಮಾಡುತ್ತಾರೆ. ಮತ್ತೆ ಏರಿಸಬೇಕು.

ಈ ಕೊನೆಯ ಮಾತಿನ ಹಿಂದೆ ಒಂದು ಸಣ್ಣ ಕಥೆ ಇದೆ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಾಗ ಮಾರುಕಟ್ಟೆಯೇ ಹೇಗೆ ಕುಸಿಯಬಹುದು ಅಂತ ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಉದಾಹರಣೆ ಇಟ್ಟುಕೊಂಡು ಬರೆದರು. ಆ ಲೇಖನವನ್ನು ಮೊದಲು ಮೂರು ಪತ್ರಿಕೆಗಳು ವಾಪಸ್ ಕಳಿಸಿದ್ದವು. ಇದೇನು ಮಹಾ ಅನ್ನುವುದೂ ಅದಕ್ಕೆ ಒಂದು ಕಾರಣವಾಗಿತ್ತು. 2001ರಲ್ಲಿ ಆಕರ್ಲಾಫ್ ಅವರಿಗೆ ಅದೇ ವಿಚಾರಕ್ಕೆ ನೊಬೆಲ್ ಬಂತು. ವಿಚಾರ ಎಷ್ಟು ಸರಳ ಅಂದರೆ ಮೇಲಿನ ಪ್ಯಾರಾದಲ್ಲಿ ಸಮೀಕರಣ ಇಲ್ಲದೆಯೇ ಹೇಳಿ ಮುಗಿಸಿದೆ.

ಇನ್ನು ಇನ್ಶೂರೆನ್ಸ್ ಕಾನೂನಿನ ಪೇಪರ್‌ನಲ್ಲಿ ಸಂಖ್ಯೆಯೇ ಅಪರೂಪ. 1766ರ ಒಂದು ಇಂಗ್ಲಿಷ್ ತೀರ್ಪನ್ನು ಇವತ್ತಿಗೂ ಓದಿಸುತ್ತಾರೆ. ಸುಮಾತ್ರದ ಒಂದು ಕೋಟೆಯ ಗವರ್ನರ್ ಕಾರ್ಟರ್, ಕೋಟೆ ವಿದೇಶಿ ಶತ್ರುವಿನ ಪಾಲಾದರೆ ಅಂತ ವಿಮೆ ಮಾಡಿಸಿದ್ದರು. ಫ್ರೆಂಚರು ಬಂದು ಹಿಡಿದೇ ಬಿಟ್ಟರು. "ಕೋಟೆ ದುರ್ಬಲ ಅಂತ ನೀವು ನನಗೆ ಹೇಳಲೇ ಇಲ್ಲ" ಅಂತ ವಿಮೆ ಕೊಟ್ಟಿದ್ದ ಬೋಮ್ ತಕರಾರು ತೆಗೆದರು. ಇಬ್ಬರೂ ಪ್ರಾಮಾಣಿಕವಾಗಿ ವಿಷಯ ತಿಳಿಸಬೇಕು ನಿಜ, ಆದರೆ ವಿಮೆ ಕೊಡುವವರು ತಾವೇ ತಿಳಿದುಕೊಂಡಿರಬೇಕಾದ ಸಂಗತಿಯನ್ನು ಹೇಳಲಿಲ್ಲ ಅಂತ ದೂರುವಂತಿಲ್ಲ ಅಂತ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪು ಕೊಟ್ಟರು. ಕಾರ್ಟರ್ ಗೆದ್ದರು. ಪರೀಕ್ಷೆಯಲ್ಲಿ ಇದನ್ನು ಕೇಳಿದರೆ ಓದಿ, ಯೋಚಿಸಿ, ಮೂರು ಪುಟ ಬರೆಯಬೇಕು. ಈ ಡಿಗ್ರಿಯಲ್ಲಿ ಮುಗ್ಗರಿಸುವವರು ಬಹಳ ಮಟ್ಟಿಗೆ ಮುಗ್ಗರಿಸುವುದು ಇಂಥ ಕಡೆ. ಲೆಕ್ಕದಲ್ಲಿ ಅಲ್ಲ, ಓದುವುದರಲ್ಲಿ. "ನನಗೆ ಇಪ್ಪತ್ತು ಪುಟ ಗಮನವಿಟ್ಟು ಓದಲು ಆಗಲ್ಲ, ಫೈನಾನ್ಸ್ ಸೇರಬಹುದಾ?" ಅಂತ ಒಬ್ಬರಾದರೂ ಕೇಳಿದ್ದರೆ ಅದು ಸರಿಯಾದ ಪ್ರಶ್ನೆ ಅನ್ನುತ್ತಿದ್ದೆ.

ಬರೀ ಲೆಕ್ಕ ಬಂದರೆ ಸಾಕು ಅನ್ನುವವರಿಗೂ ಒಂದು ಮಾತು. 1994ರಲ್ಲಿ ಶುರುವಾದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅನ್ನುವ ಫಂಡ್‌ನಲ್ಲಿ ರಾಬರ್ಟ್ ಮರ್ಟನ್, ಮೈರನ್ ಶೋಲ್ಸ್ ಇಬ್ಬರೂ ಇದ್ದರು. ಆಪ್ಷನ್ನುಗಳಿಗೆ, ಅಂದರೆ ಮುಂದೆ ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕುಗಳಿಗೆ, ಬೆಲೆ ಕಟ್ಟುವ ಗಣಿತಕ್ಕಾಗಿ ಅವರಿಗೆ 1997ರಲ್ಲಿ ನೊಬೆಲ್ ಬಂತು. ಮರುವರ್ಷ ಆಗಸ್ಟ್‌ನಲ್ಲಿ ರಷ್ಯಾ ತನ್ನ ಸಾಲ ತೀರಿಸುವುದನ್ನು ನಿಲ್ಲಿಸಿತು, ಫಂಡ್ ನೆಲಕಚ್ಚಿತು. ಅದನ್ನು ಎತ್ತಿ ಹಿಡಿಯಲು ಬ್ಯಾಂಕುಗಳ ಒಂದು ಗುಂಪು 3.6 ಶತಕೋಟಿ ಡಾಲರ್ ಸುರಿಯಬೇಕಾಯಿತು. ಗುಣಾಕಾರ ತಪ್ಪಿ ಹೀಗಾಗಲಿಲ್ಲ. ಸಂಬಂಧವಿಲ್ಲದ ಮಾರುಕಟ್ಟೆಗಳು ಒಟ್ಟಿಗೇ ಬೀಳುವುದಿಲ್ಲ ಅನ್ನುವ ಊಹೆ ತಪ್ಪಿತ್ತು.

ಒಂದು ಅಪವಾದ ಹೇಳದೇ ಇದ್ದರೆ ಮೋಸವಾಗುತ್ತದೆ. ಆಕ್ಚುಯರಿ ಆಗಬೇಕು, ಅಂದರೆ ಜೀವ ವಿಮೆ, ಪಿಂಚಣಿಗಳ ಬೆಲೆ ಕಟ್ಟುವ ಕೆಲಸ ಬೇಕು ಅಂದರೆ ಗಣಿತ ನಿಜವಾಗಿಯೂ ಗಟ್ಟಿ ಇರಬೇಕು. ಆ ದಾರಿ ಹಳೆಯದು. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ಊರಿನ ಜನನ ಮರಣದ ದಾಖಲೆ ಹಿಡಿದು, ಯಾವ ವಯಸ್ಸಿನವರು ಇನ್ನೆಷ್ಟು ವರ್ಷ ಬದುಕಬಹುದು ಅಂತ ಪಟ್ಟಿ ಮಾಡಿದ್ದರು. ಇವತ್ತು ಅದಕ್ಕೆ ಬೇರೆಯೇ ವೃತ್ತಿ ಪರೀಕ್ಷೆಗಳಿವೆ. ಸಂಕೀರ್ಣ ಡೆರಿವೇಟಿವ್‌ಗಳಿಗೆ, ಅಂದರೆ ಆಪ್ಷನ್ನಿನ ಹಾಗೆ ಬೇರೊಂದರ ಬೆಲೆಯನ್ನು ನೆಚ್ಚಿಕೊಂಡ ಒಪ್ಪಂದಗಳಿಗೆ, ಬೆಲೆ ಕಟ್ಟುವ ಕೆಲಸವೂ ಹಾಗೆಯೇ. ಇವೆರಡು ಬೇಡ ಅಂದರೆ ನಿಮ್ಮ ಭಯಕ್ಕೆ ಆಧಾರವಿಲ್ಲ.

ಈಗ ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಬ್ಯಾಂಕಿಂಗ್ ಮತ್ತು ಇನ್ಶೂರೆನ್ಸ್ ಎರಡನ್ನೂ ಒಂದೇ ಡಿಗ್ರಿಯಲ್ಲಿ ಯಾಕೆ ತುರುಕಿದ್ದಾರೆ? ಎರಡೂ ದುಡ್ಡಿನ ವ್ಯವಹಾರ ಅಂತ ಸುಮ್ನೆ ಸೇರಿಸಿದ್ದಲ್ಲ. ಎರಡೂ ಇವತ್ತು ಹಣ ತೆಗೆದುಕೊಂಡು ಮುಂದೆ ಕೊಡುತ್ತೇನೆ ಅಂತ ಮಾತು ಕೊಡುತ್ತವೆ. ಆದರೆ ಆ ಮಾತು ಎರಡು ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಬ್ಯಾಂಕು ಕೇಳಿದ ಕೂಡಲೇ ಕೊಡಬೇಕಾದ ಡೆಪಾಸಿಟ್ ಹಣ ತಂದು, ಹತ್ತಿಪ್ಪತ್ತು ವರ್ಷಕ್ಕೆ ಸಾಲ ಕೊಡುತ್ತದೆ. ಜೀವ ವಿಮೆ ಕಂಪನಿ ಮೂವತ್ತು ವರ್ಷದ ನಂತರ ಕೊಡುವ ಮಾತು ಕೊಟ್ಟು, ಅದಕ್ಕಿಂತ ಕಡಿಮೆ ಅವಧಿಯ ಬಾಂಡ್‌ಗಳನ್ನು, ಅಂದರೆ ಸರ್ಕಾರಕ್ಕೋ ಕಂಪನಿಗೋ ಸಾಲ ಕೊಟ್ಟ ಪತ್ರಗಳನ್ನು, ಇಟ್ಟುಕೊಂಡಿರುತ್ತದೆ. ಹಾಗಾಗಿ ಬಡ್ಡಿ ದರ ಏರಿದರೆ ಒಬ್ಬರಿಗೆ ಪೆಟ್ಟು, ಇಳಿದರೆ ಇನ್ನೊಬ್ಬರಿಗೆ.

ಏರಿದಾಗ ಏನಾಗುತ್ತದೆ? ವರ್ಷಕ್ಕೆ 2 ಬಡ್ಡಿ ಕೊಡುವ, ಹತ್ತು ವರ್ಷದ, 100 ಮುಖಬೆಲೆಯ ಬಾಂಡ್ ನಿಮ್ಮ ಹತ್ತಿರ ಇದೆ. ಮಾರುಕಟ್ಟೆಯಲ್ಲಿ ದರ ಶೇ 5 ಆಯಿತು. ಹೊಸ ಬಾಂಡ್ 5 ಕೊಡುವಾಗ ನಿಮ್ಮ 2ಕ್ಕೆ ಯಾರು 100 ಕೊಡುತ್ತಾರೆ? ಸಿಗುವುದು 77ರ ಆಸುಪಾಸು. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ್ದರ ಬುಡ ಇದೇ. ದರ ಕಡಿಮೆ ಇದ್ದಾಗ ದೀರ್ಘಾವಧಿ ಬಾಂಡ್ ಕೊಂಡಿತ್ತು, ದರ ಏರಿತು, ಬಾಂಡ್ ಮಾರಿ 1.8 ಶತಕೋಟಿ ಡಾಲರ್ ನಷ್ಟ ಮಾಡಿಕೊಂಡಿತು. ಸುದ್ದಿ ಹೊರಬಿದ್ದ ಮರುದಿನವೇ ಗ್ರಾಹಕರು 42 ಶತಕೋಟಿ ಡಾಲರ್ ತೆಗೆಯಲು ಮುಗಿಬಿದ್ದರು. ಡೆಪಾಸಿಟ್ ಇಟ್ಟವರು ಹೀಗೆ ಓಡುವುದು ಹುಚ್ಚಲ್ಲ, ಉಳಿದವರು ಓಡುತ್ತಾರೆ ಅನ್ನಿಸಿದರೆ ತಾನೂ ಓಡುವುದೇ ಬುದ್ಧಿವಂತಿಕೆ ಅಂತ ಅರ್ಥಶಾಸ್ತ್ರಜ್ಞರಾದ ಡೈಮಂಡ್ ಮತ್ತು ಡಿಬ್‌ವಿಗ್ 1983ರಲ್ಲೇ ತೋರಿಸಿದ್ದರು. 2022ರಲ್ಲಿ ಬೆನ್ ಬರ್ನಾಂಕೆ ಜೊತೆ ಅವರಿಗೂ ನೊಬೆಲ್ ಬಂತು.

ಇಳಿದಾಗ? ಜಪಾನ್ ನೋಡಿ. ಅಲ್ಲಿನ ಜೀವ ವಿಮೆ ಕಂಪನಿಗಳು ಒಳ್ಳೆಯ ಕಾಲದಲ್ಲಿ ಪಾಲಿಸಿದಾರರಿಗೆ ಜಾಸ್ತಿ ಬಡ್ಡಿಯ ಗ್ಯಾರಂಟಿ ಕೊಟ್ಟಿದ್ದವು. 1990ರ ದಶಕದಲ್ಲಿ ದರ ಕುಸಿದು, ಗಳಿಕೆ ಆ ಗ್ಯಾರಂಟಿಗಿಂತ ಕೆಳಗೆ ಹೋಯಿತು. 1997ರಿಂದ 2001ರೊಳಗೆ ಏಳು ಕಂಪನಿಗಳು ಮುಳುಗಿದವು. ಅಲ್ಲಿ ಬಾಗಿಲಲ್ಲಿ ಸಾಲು ನಿಂತವರ ಗಲಾಟೆ ಕಡಿಮೆ. ವರ್ಷಗಟ್ಟಲೆ ಒಳಗೊಳಗೇ ಸವೆದು ಬಿದ್ದವು.

ಎರಡನ್ನೂ ಓದದೇ ಇದ್ದರೆ ಅರ್ಥವೇ ಆಗದ ಪ್ರಕರಣ ಎಐಜಿಯದು. ಅದು ಇನ್ಶೂರೆನ್ಸ್ ಕಂಪನಿ. ಆದರೆ ಅದರ ಒಂದು ವಿಭಾಗ, ಬೇರೆಯವರ ಸಾಲ ಮುಳುಗಿದರೆ ನಾವು ಕೊಡುತ್ತೇವೆ ಅನ್ನುವ ಸ್ವಾಪ್ ಒಪ್ಪಂದಗಳನ್ನು ಮಾರುತ್ತಿತ್ತು. ನೋಡಲು ವಿಮೆ, ಕಾನೂನಿನ ಲೆಕ್ಕದಲ್ಲಿ ವಿಮೆ ಅಲ್ಲ. ಹಾಗಾಗಿ ವಿಮೆಗೆ ತೆಗೆದಿಡಬೇಕಾದ ಮೀಸಲು ಹಣ ಇದಕ್ಕೆ ಇರಲಿಲ್ಲ. ಮೇಲಾಗಿ ಕಂಪನಿಯ ರೇಟಿಂಗ್, ಅಂದರೆ ಸಾಲ ತೀರಿಸುವ ಶಕ್ತಿಗೆ ಕೊಡುವ ದರ್ಜೆ, ಇಳಿದರೆ ಕೂಡಲೇ ಅಡಮಾನ ಕೊಡಬೇಕು ಅನ್ನುವ ಷರತ್ತು ಬೇರೆ. 2008ರ ಸೆಪ್ಟೆಂಬರ್‌ನಲ್ಲಿ ರೇಟಿಂಗ್ ಇಳಿಯಿತು. ಇನ್ಶೂರೆನ್ಸ್ ಕಂಪನಿಯೊಂದು ಬ್ಯಾಂಕಿನ ಹಾಗೆ ಒಂದೇ ದಿನದಲ್ಲಿ ಹಣಕ್ಕೆ ಒದ್ದಾಡಿತು, ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ 85 ಶತಕೋಟಿ ಡಾಲರ್ ಸಾಲಕ್ಕೆ ಒಪ್ಪಬೇಕಾಯಿತು.

ಹಾಗಾಗಿ ಕೋರ್ಸ್ ಆರಿಸುವಾಗ ಹೆಸರು ನೋಡಬೇಡಿ, ಸಿಲಬಸ್ ತೆರೆದು ನೋಡಿ. ಅಕೌಂಟಿಂಗ್ ಕನಿಷ್ಠ ಎರಡು ಸೆಮಿಸ್ಟರ್ ಇರಲಿ, ಅದಿಲ್ಲದೆ ಬ್ಯಾಂಕಿನ ಬ್ಯಾಲೆನ್ಸ್ ಶೀಟ್ ಓದಲು ಆಗುವುದಿಲ್ಲ. ಒಪ್ಪಂದದ ಕಾನೂನು ಇರಲಿ. ಬ್ಯಾಂಕಿನ ಆಸ್ತಿ ಮತ್ತು ಹೊಣೆಗಳ ಅವಧಿ ಹೊಂದಿಸುವ ಬಗ್ಗೆ ಒಂದು ಪೇಪರ್ ಇದ್ದರೆ ಆ ಕೋರ್ಸ್ ರೂಪಿಸಿದವರಿಗೆ ವಿಷಯ ಗೊತ್ತಿದೆ ಅಂತ ಅರ್ಥ. ಇನ್ಶೂರೆನ್ಸ್ ಪೇಪರ್ ಐಚ್ಛಿಕ ಅಂತ ಇದ್ದರೆ ಬಹಳ ಜನ ಬೋರು ಅಂತ ಬಿಟ್ಟು ಶೇರು ಮಾರುಕಟ್ಟೆಯ ಪೇಪರ್ ತೆಗೆದುಕೊಳ್ಳುತ್ತಾರೆ. ನೀವು ಬಿಡಬೇಡಿ. ಶೇರಿನ ಬಗ್ಗೆ ಆಮೇಲೆ ಸ್ವಂತವಾಗಿಯೂ ಓದಿಕೊಳ್ಳಬಹುದು.