ಒಟಿಪಿ ಯಾರ ಫೋನಿಗೆ ಬರುತ್ತದೆ?

ಕಾಸರಗೋಡಿನಲ್ಲಿ ಮನೆಯ ಕಾಯಿಲೆ ಊರಿಗೆಲ್ಲ ತಿಳಿಯಲು ಇಂಟರ್ನೆಟ್ ಬೇಕಾಗಿರಲಿಲ್ಲ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಗೆ ಹೆಸರು ಸೇರಬೇಕಾದರೆ ವೈದ್ಯಕೀಯ ಶಿಬಿರದಲ್ಲಿ ಮಗುವಿನ ಸ್ಥಿತಿ ತೋರಿಸಬೇಕಿತ್ತು. ಪಡ್ರೆ ಗ್ರಾಮದ ಸುತ್ತಲಿನ ಮಕ್ಕಳ ಫೋಟೋಗಳು ಮುಖ ಮರೆಸದೆ ಅಚ್ಚಾದವು. ನ್ಯಾಯ ಸಿಗಬೇಕಾದರೆ ಗುಟ್ಟು ಬಿಟ್ಟುಕೊಡಲೇಬೇಕು ಎಂಬ ಕ್ರೂರ ರೂಢಿ ಹಾಗೆ ಬೇರೂರಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟು ಕೇರಳಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ಖಾಸಗಿತನ ಮೂಲಭೂತ ಹಕ್ಕು ಎಂದು ಅದೇ ಕೋರ್ಟು ಹೇಳಿದ್ದು ಅದೇ ವರ್ಷದ ಆಗಸ್ಟ್ 24ರಂದು.

ಆನ್‌ಲೈನ್ ಸೇವೆ ನಮ್ಮ ಕಡೆ ಬಂದದ್ದು ಕೇರಳ ಸರ್ಕಾರದ ಅಕ್ಷಯ ಸೇವಾ ಕೇಂದ್ರಗಳ ಮೂಲಕ. 2002ರಲ್ಲಿ ಮಲಪ್ಪುರಂನಲ್ಲಿ ಶುರುವಾದ ಯೋಜನೆಯದು. ಮಲಯಾಳಂ ಓದಲು ಬಾರದ ಕನ್ನಡಿಗರಿಗೆ ಅದು ದೊಡ್ಡ ಆಸರೆ. ಆದರೆ ಅರ್ಜಿ ತುಂಬುವುದು ಇನ್ನೊಬ್ಬರ ಕೈ. ಅಜ್ಜಿ ಫೋನ್ ತಂದಿಲ್ಲವೆಂದು ಕೇಂದ್ರದವರದೋ ಪಕ್ಕದ ಮನೆಯ ಹುಡುಗನದೋ ನಂಬರ್ ಹಾಕಿದರೆ ಆ ಹೊತ್ತಿಗೆ ಕೆಲಸ ಆಗುತ್ತದೆ. ತೊಂದರೆ ಹುಟ್ಟುವುದೂ ಅಲ್ಲೇ.

2020ರಲ್ಲಿ ಕೋವಿಡ್ ಬಂದು ಕರ್ನಾಟಕದ ಕಡೆಗಿನ ತಲಪಾಡಿ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದವರಿಗೆ ಫೋನೇ ದಾರಿಯಾಯಿತು. ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂದದ್ದು ಆ ಮಾರ್ಚ್ 25ರಂದು. ಅದರ ಪ್ರಕಾರ ಔಷಧಿ ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರಲೇಬೇಕು. ಮಾದಕ ಗುಣದ ಔಷಧಗಳನ್ನು ಫೋನಿನಲ್ಲಿ ಬರೆದುಕೊಡುವಂತಿಲ್ಲ. ಸಂಖ್ಯೆಯನ್ನು ರಾಜ್ಯ ವೈದ್ಯಕೀಯ ಮಂಡಳಿಯ ಜಾಲತಾಣದಲ್ಲಿ ಹುಡುಕಿ ನೋಡಿ; ಹೆಸರು ತಾಳೆಯಾಗದಿದ್ದರೆ ಹಣ ಹಾಕಬೇಡಿ. ಅದೇ ವರ್ಷದ ಏಪ್ರಿಲ್‌ನಲ್ಲಿ, ಜನರ ಕೋವಿಡ್ ಮಾಹಿತಿಯನ್ನು ಕೇರಳ ಸರ್ಕಾರ ಅಮೆರಿಕದ ಸ್ಪ್ರಿಂಕ್ಲರ್ ಕಂಪನಿಯ ಕೈಗಿತ್ತ ವಿವಾದ ಎದ್ದಿತು. ಗುರುತು ಅಳಿಸಿಯೇ ಮಾಹಿತಿ ಕೊಡಬೇಕು, ಜನರ ಒಪ್ಪಿಗೆ ಪಡೆಯಬೇಕು ಎಂದು ಕೇರಳ ಹೈಕೋರ್ಟು 24ರಂದು ಮಧ್ಯಂತರ ಆದೇಶ ನೀಡಿತು.

ಒಪ್ಪಿಗೆಯ ಪ್ರಶ್ನೆ ಈಗ ಆಭಾ ಸಂಖ್ಯೆಗೆ, ಅಂದರೆ ನಮ್ಮ ಆರೋಗ್ಯ ದಾಖಲೆಗಳನ್ನು ಜೋಡಿಸುವ ಸಂಖ್ಯೆಗೆ ಬಂದು ನಿಂತಿದೆ. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾದ ಡಿಜಿಟಲ್ ಆರೋಗ್ಯ ಮಿಷನ್ ಕೊಡುವ 14 ಅಂಕಿಗಳ ಈ ಗುರುತು ಕಡ್ಡಾಯವಲ್ಲ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ. ಬೇರೆಯವರು ನೋಡಬೇಕಾದರೆ ನಿಮ್ಮ ಅನುಮತಿ ಬೇಕು. ವ್ಯವಸ್ಥೆ ಚೆನ್ನಾಗಿಯೇ ಇದೆ. ಆದರೆ ಅದಕ್ಕೆ ಗೊತ್ತಿರುವುದು ಫೋನ್ ಮಾತ್ರ, ಹಿಡಿದ ಕೈ ಅಲ್ಲ. ಒಟಿಪಿ ಯಾರಿಗೆ ಬರುತ್ತದೋ ಒಪ್ಪಿಗೆಯೂ ಅವರದೇ ಆಗಿಬಿಡುತ್ತದೆ. ಆದ್ದರಿಂದ ಆಭಾದ ಪ್ರೊಫೈಲ್ ತೆರೆದು ಯಾವ ನಂಬರ್ ಇದೆ ನೋಡಿ, ನಿಮ್ಮದಲ್ಲದಿದ್ದರೆ ಬದಲಿಸಿ. ಆಧಾರ್‌ನಲ್ಲೇ ಹಳೆಯ ನಂಬರ್ ಇದ್ದರೆ ಮೊದಲು ಅದನ್ನು ಸರಿಮಾಡಿಸಬೇಕು. ಯಾರಿಗೆಲ್ಲ ಅನುಮತಿ ಕೊಟ್ಟಿದ್ದೀರಿ ಎಂಬುದೂ ಆ್ಯಪ್‌ನಲ್ಲಿ ಕಾಣುತ್ತದೆ. ಬೇಡವಾದದ್ದನ್ನು ರದ್ದು ಮಾಡಬಹುದು. ಆದರೆ ಈಗಾಗಲೇ ನೋಡಿಯಾದದ್ದು ಹಿಂದೆ ಬಾರದು.

ವಾಟ್ಸಾಪಿಗೆ ಈ ಮಟ್ಟದ ಕಾವಲೂ ಇಲ್ಲ. ಲ್ಯಾಬ್ ವರದಿಯ ಫೋಟೋ ಕುಟುಂಬದ ಗ್ರೂಪಿಗೆ ಬಿದ್ದರೆ ಹತ್ತಾರು ಫೋನುಗಳ ಗ್ಯಾಲರಿಗೆ ತಾನಾಗಿ ಇಳಿಯಬಹುದು. ಡಾಕ್ಟರರಿಗೆ ಬಿಟ್ಟು ಬೇರೆಯವರಿಗೆ ಕಳಿಸುವಾಗ ಹೆಸರು, ಫೋನ್ ನಂಬರ್, ಬಾರ್‌ಕೋಡ್ ಇರುವ ತಲೆಭಾಗವನ್ನು ಕತ್ತರಿಸಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಗಡಿನಾಡಿಗೆ ಬಹಳ ಬೇಕಾದ ಒಂದು ಮಾತಿದೆ: ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ ಓದುವ ಆಯ್ಕೆ ಕೊಡಬೇಕು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಈ ಕಲಂ ಜಾರಿಗೆ ಆಗಿನಿಂದ 18 ತಿಂಗಳ ಕಾಲಾವಕಾಶವಿದೆ. ಅಲ್ಲಿಯವರೆಗೆ ಒಟಿಪಿ ಹೇಳುವ ಮುನ್ನ ಪರದೆಯ ಮೇಲಿನದನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ: ಕೇಳುತ್ತಿರುವವರು ಯಾರು, ಯಾವ ದಾಖಲೆ, ಯಾವ ಅವಧಿಯದು, ಅನುಮತಿ ಎಂದಿಗೆ ಮುಗಿಯುತ್ತದೆ.